ವಾರ್ಡ್ ಕಳಿಸಿದ ಅಲರ್ಟ್

ಪರ್ಲ್ ಹಾರ್ಬರ್ ಅಂದ ಕೂಡಲೇ ನಮಗೆ ನೆನಪಾಗೋದು ಜಪಾನಿನ ವಿಮಾನಗಳು. ಆದರೆ ಆ ದಿನ ಮೊದಲ ಗುಂಡು ಹಾರಿಸಿದ್ದು ಅಮೆರಿಕದ್ದೇ ಒಂದು ಹಳೇ ಡೆಸ್ಟ್ರಾಯರ್, ಯುಎಸ್‌ಎಸ್ ವಾರ್ಡ್.

ಈ ಹಡಗು ಹುಟ್ಟಿದ್ದೇ ಅವಸರದಲ್ಲಿ. ಮೊದಲ ಮಹಾಯುದ್ಧದ ಕಾಲ. ಜರ್ಮನ್ ಸಬ್‌ಮರೀನುಗಳ ಕಾಟ ತಡೆಯೋಕೆ ಡೆಸ್ಟ್ರಾಯರ್‌ಗಳು ತುರ್ತಾಗಿ ಬೇಕಿದ್ದವು. ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್ ಶಿಪ್‌ಯಾರ್ಡಿನಲ್ಲಿ 1918ರ ಮೇ 15ಕ್ಕೆ ಕಟ್ಟೋಕೆ ಶುರು ಮಾಡಿ, ಜೂನ್ 1ಕ್ಕೆ ನೀರಿಗಿಳಿಸಿಬಿಟ್ಟರು. ಭಾಗಗಳನ್ನು ಮೊದಲೇ ಜೋಡಿಸಿಟ್ಟಿದ್ದರು ಅನ್ನಿ. ಇಷ್ಟೆಲ್ಲ ಮಾಡಿದರೂ ಆ ನವೆಂಬರಿಗೆ ಯುದ್ಧವೇ ಮುಗೀತು. 1921ರಲ್ಲಿ ಮೂಲೆಗೆ ಸೇರಿದ ಹಡಗನ್ನು ಮತ್ತೆ ಹೊರತೆಗೆದದ್ದು 1941ರಲ್ಲಿ. ಸಿಬ್ಬಂದಿಯಲ್ಲಿ ಬಹಳಷ್ಟು ಜನ ಮಿನ್ನೆಸೋಟಾದ ಮೀಸಲು ಪಡೆಯ ಹುಡುಗರು.

ಡಿಸೆಂಬರ್ 7, ಭಾನುವಾರ. ಕ್ಯಾಪ್ಟನ್ ವಿಲಿಯಂ ಔಟರ್‌ಬ್ರಿಜ್‌ಗೆ ಈ ಹಡಗಿನ ಜವಾಬ್ದಾರಿ ಸಿಕ್ಕಿ ಎರಡೇ ದಿನ ಆಗಿತ್ತು. ನಸುಕಿನಲ್ಲಿ ಒಂದು ಮೈನ್‌ಸ್ವೀಪರ್ ಪೆರಿಸ್ಕೋಪ್ ಕಂಡಿತು ಅಂತ ತಿಳಿಸಿತು. ಹುಡುಕಿದರೂ ಏನೂ ಸಿಗಲಿಲ್ಲ. ಸುಮಾರು 6:40ಕ್ಕೆ, ಬಂದರಿನ ಕಡೆ ಹೊರಟಿದ್ದ ಅಮೆರಿಕದ ಸರಕು ಹಡಗಿನ ಹಿಂದೆಯೇ ಒಂದು ಪುಟ್ಟ ಸಬ್‌ಮರೀನ್ ನುಸುಳುತ್ತಿರೋದು ಕಾಣಿಸಿತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಅದು ತಮ್ಮದೇ ಸಬ್‌ಮರೀನ್ ಆಗಿದ್ದರೆ? ಔಟರ್‌ಬ್ರಿಜ್ ಯೋಚಿಸುತ್ತಾ ಕೂರಲಿಲ್ಲ, ಗುಂಡು ಹಾರಿಸೋಕೆ ಆದೇಶ ಕೊಟ್ಟ. ಮೊದಲನೇದು ತಪ್ಪಿತು. ಎರಡನೇದು ಸಬ್‌ಮರೀನಿನ ಗೋಪುರದ ಬುಡಕ್ಕೇ ಬಿತ್ತು.

6:53ಕ್ಕೆ ಸಂಕೇತ ಭಾಷೆಯಲ್ಲಿ ಸಂದೇಶ ಹೋಯಿತು. ಮೊದಲು ಬರೀ ಡೆಪ್ತ್ ಚಾರ್ಜ್ ಹಾಕಿದ್ದೇವೆ ಅಂತ ಕಳಿಸಿ, ಅಷ್ಟಕ್ಕೇ ಬಿಟ್ಟರೆ ತಿಮಿಂಗಿಲ ನೋಡಿ ಹೆದರಿದರು ಅಂದುಕೊಂಡಾರು ಅಂತ, ಗುಂಡು ಹಾರಿಸಿದ್ದನ್ನೂ ಸೇರಿಸಿ ಇನ್ನೊಮ್ಮೆ ಕಳಿಸಿದ್ದರು. ಸಂದೇಶ ಬಿಡಿಸೋಕೆ ಹೊತ್ತು ಹಿಡಿಯಿತು. ಆಮೇಲೆ ಫೋನು, ಮತ್ತೆ ಫೋನು, 'ಕನ್ಫರ್ಮ್ ಮಾಡಿ' ಅನ್ನೋ ಮಾತು. ಅಡ್ಮಿರಲ್ ಕಿಮೆಲ್‌ಗೆ ಸುದ್ದಿ ಮುಟ್ಟೋ ಹೊತ್ತಿಗೆ ಸುಮಾರು 7:40. ಎಂಟಕ್ಕೆ ಮುಂಚೆಯೇ ಬಾಂಬು ಬೀಳತೊಡಗಿದವು.

ಆನ್‌ಕಾಲ್ ಡ್ಯೂಟಿ ಮಾಡಿದವರಿಗೆ ಇದು ಅರ್ಥ ಆಗುತ್ತೆ. ಹಿಂದೆಯೂ ಇಂಥ ಸುಳ್ಳು ವರದಿಗಳು ಬಂದಿದ್ದವು, ಹಾಗಾಗಿ ಕಚೇರಿಯವರ ಅನುಮಾನ ಪೂರ್ತಿ ದಡ್ಡತನ ಅಲ್ಲ. ಆದರೆ ಗುಂಡು ಹಾರಿಸಿದ್ದೇವೆ ಅಂತ ಹೇಳಿದ ಮೇಲೂ ಕಾದಿದ್ದು ನನಗೆ ಒಪ್ಪಿಗೆ ಆಗೋಲ್ಲ.

ವಾರ್ಡ್ ನಿಜಕ್ಕೂ ಸಬ್‌ಮರೀನ್ ಮುಳುಗಿಸಿತಾ ಅನ್ನೋ ಅನುಮಾನ ಮಾತ್ರ ಉಳಿದೇ ಇತ್ತು. 2002ರಲ್ಲಿ ಹವಾಯಿಯ ಸಂಶೋಧಕರಿಗೆ ಸುಮಾರು 400 ಮೀಟರ್ ಆಳದಲ್ಲಿ ಅದು ಸಿಕ್ಕಿತು. ಗೋಪುರದ ಬುಡದಲ್ಲಿ ಗುಂಡಿನ ತೂತು. ಒಳಗೆ ಇದ್ದವರು ಇಬ್ಬರು.

ವಾರ್ಡ್ ಆ ಹೊತ್ತಿಗೆ ಇರಲಿಲ್ಲ. ಸರಿಯಾಗಿ ಮೂರು ವರ್ಷಕ್ಕೆ, 1944ರ ಡಿಸೆಂಬರ್ 7ರಂದು, ಫಿಲಿಪೀನ್ಸಿನ ಓರ್ಮಾಕ್ ಕೊಲ್ಲಿಯಲ್ಲಿ ಕಾಮಿಕಾಜೆ ವಿಮಾನ ಅಪ್ಪಳಿಸಿ ಹಡಗು ಹೊತ್ತಿ ಉರಿಯಿತು. ಉಳಿಸೋಕಾಗದ ಹಡಗನ್ನು ಗುಂಡು ಹೊಡೆದು ಮುಳುಗಿಸೋ ಕೆಲಸ ಓಬ್ರಿಯನ್ ಅನ್ನೋ ಡೆಸ್ಟ್ರಾಯರ್ ಪಾಲಿಗೆ ಬಂತು. ಓಬ್ರಿಯನ್‌ನ ಕ್ಯಾಪ್ಟನ್, ಅದೇ ಔಟರ್‌ಬ್ರಿಜ್.