ಅಪ್ಪನ ಸೋಮವಾರ

ನಮ್ಮ ಮನೆಯಲ್ಲಿ 'ವಿಶ್ರಾಂತಿ' ಎಂಬ ಪದ ಇದ್ದದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಮತ್ತಾಯನ ಸುವಾರ್ತೆಯ ಹನ್ನೊಂದನೇ ಅಧ್ಯಾಯದ, ದಣಿದವರನ್ನು ಕರೆಯುವ ಆ ಪ್ರಸಿದ್ಧ ವಾಕ್ಯ, ಅದರ ಕೆಳಗೆ ಕುರಿಮರಿ ಹೊತ್ತ ಯೇಸುವಿನ ಚಿತ್ರ. ಬಾಯಲ್ಲಿ ಓಡಾಡುತ್ತಿದ್ದ ಪದ ಬೇರೆ: 'ಸುಧಾರಿಸ್ಕೊ'. ಬಿಸಿಲಲ್ಲಿ ಬಂದವರಿಗೆ ಕೌದಳ್ಳಿಯಲ್ಲಿ ಮೊದಲು ಒಂದು ಚೊಂಬು ನೀರು, ಆಮೇಲೆ 'ವಸಿ ಸುಧಾರಿಸ್ಕೊಳಿ' ಅನ್ನೋ ಮಾತು. ಅಪ್ಪ ಸಭೆಯ ಉಪದೇಶಿ. ದಿನಕ್ಕೆ ಹತ್ತು ಜಗುಲಿಯಲ್ಲಿ ಈ ಮಾತು ಕೇಳಿಸಿಕೊಂಡು, ಹತ್ತೂ ಕಡೆ 'ಇಲ್ಲ ಕಣಮ್ಮ, ಹೊತ್ತಾಯ್ತು' ಎಂದು ಸೈಕಲ್ ಹತ್ತುತ್ತಿದ್ದರು.

ಕೌದಳ್ಳಿ ಇರುವುದು ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ರಸ್ತೆ ತುಂಬ ನಡೆದು ಹೋಗುವವರು. ತಲೆಯ ಮೇಲೆ ಗಂಟು, ಕಾಲಲ್ಲಿ ಬೊಬ್ಬೆ, ಬಾಯಲ್ಲಿ ಉಘೇ. ದಾರಿಯುದ್ದಕ್ಕೂ ಯಾರೋ ಒಬ್ಬರು ಮಜ್ಜಿಗೆ ಹಿಡಿದು ನಿಂತಿರುತ್ತಾರೆ. ನಡೆಯುವವನು ದಣಿಯುತ್ತಾನೆ ಅನ್ನುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ.

ಈ ತಿಳಿವಳಿಕೆ ಹಳೆಯದು. ಹಿಂದಿನ ಕಾಲುದಾರಿಗಳಲ್ಲಿ ಹೊರೆಗಲ್ಲು ನೆಡುತ್ತಿದ್ದರು. ಎರಡು ಕಂಬ, ಮೇಲೊಂದು ಅಡ್ಡಚಪ್ಪಡಿ, ಆಳಿನ ತಲೆಯ ಹೊರೆ ಹಾಗೇ ಜಾರಿಸುವಷ್ಟು ಎತ್ತರ. ಒಂಟಿ ದಾರಿಹೋಕನಿಗೆ ಹೊರೆ ಇಳಿಸುವುದಕ್ಕಿಂತ ಮತ್ತೆ ಎತ್ತಿಕೊಳ್ಳುವುದು ಕಷ್ಟ. ಕಲ್ಲಿದ್ದರೆ ಇನ್ನೊಬ್ಬರ ಕೈ ಬೇಡ. ತಮಿಳಿನವರು ಇದನ್ನು ಸುಮೈತಾಂಗಿ ಅನ್ನುತ್ತಾರೆ; ಬಸುರಿಯಾಗಿ ಸತ್ತ ಹೆಣ್ಣುಮಕ್ಕಳ ನೆನಪಿಗೆ ನೆಡಿಸುವ ವಾಡಿಕೆಯೂ ಇತ್ತು. ಇಳಿಸದೇ ಹೋದ ಹೊರೆಯ ನೆನಪಿಗೆ ಹೊರೆ ಇಳಿಸುವ ಕಲ್ಲು!

ನಾವೂ ಬಹಳ ಕಾಲ ತಮಿಳು ಸೀಮೆಯ ಜೊತೆಗೇ ಇದ್ದವರು. 1956ರ ನವೆಂಬರ್ 1ರವರೆಗೆ, ಆಗ ನಮ್ಮೂರಿದ್ದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದನ್ನು ಇಲ್ಲಿ ಹೇಳಲು ಕಾರಣ ಉಂಟು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ, 1822ರಲ್ಲಿ ಊಟಿಯಲ್ಲಿ ಕಲ್ಲಿನ ಬಂಗಲೆಗೆ ಕೈಹಾಕಿದ. ಅಂದರೆ ಬಿಸಿಲಿಗೆ ಬೆಂದ ಬಿಳಿಯರಿಗೆ ತಂಪು ಹುಡುಕಿಕೊಟ್ಟವನು ನಮ್ಮ ಕೌದಳ್ಳಿಯ ಕಲೆಕ್ಟರನೂ ಹೌದು. ನಮಗೇನು ಹುಡುಕಿಕೊಟ್ಟ ಎಂದು ಕೇಳಬೇಡಿ.

ಮಿಷನರಿಗಳು ಆ ದಾರಿಯನ್ನೇ ಹಿಡಿದರು. ಅವರನ್ನು ಹಂಗಿಸಲಾರೆ, ಸಾಯುತ್ತಿದ್ದರು ಪಾಪ. ಮಧುರೆಯ ಅಮೆರಿಕನ್ ಮಿಷನ್ನಿನವರು ಕಾಯಿಲೆ, ಸಾವುಗಳಿಗೆ ಹೆದರಿ 1845ರಲ್ಲಿ ಕೊಡೈಕೆನಾಲಿನಲ್ಲಿ ಎರಡು ಮನೆ ಕಟ್ಟಿಕೊಂಡರು. ಮರುವರ್ಷ ಬಾಸೆಲ್ ಮಿಷನ್ನಿನವರು ನೀಲಗಿರಿಯ ಕೇತಿಗೆ ಬಂದರು. ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಅವರಿಗೆ ಆಸರೆಯಾದ. ಬೆಟ್ಟದ ಮೇಲೆ ಬೇಸಿಗೆ ಕಳೆಯುವುದು, ಕೆಲವು ವರ್ಷಕ್ಕೊಮ್ಮೆ ಹಡಗು ಹತ್ತಿ ಊರಿಗೆ ಹೋಗಿಬರುವುದು, ಇದು ಮಿಷನ್ ಕೆಲಸದ ಕ್ರಮವೇ ಆಯಿತು. ನಿಘಂಟಿನ ಕಿಟೆಲ್ 1853ರಲ್ಲಿ ಬಂದವರು. ಕೊನೆಗೆ ದಣಿದು 1892ರಲ್ಲಿ ಜರ್ಮನಿಗೆ ಮರಳಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂದಾಗ ಅವರು ಇಲ್ಲಿರಲಿಲ್ಲ.

ಉಪದೇಶಿಗೆ ಯಾವ ಬೆಟ್ಟ? ನಮ್ಮೂರಿನಿಂದ ನೋಡಿದರೆ ಬೆಟ್ಟಕ್ಕೇನೂ ಬರವಿಲ್ಲ. ಆದರೆ ಉಪದೇಶಿ ಆ ಬೆಟ್ಟ ಹತ್ತುತ್ತಿದ್ದದ್ದು ಹಾಡಿಗಳಿಗೆ ಹೋಗಲು, ಗಾಳಿ ಕುಡಿಯಲು ಅಲ್ಲ. ಅಪ್ಪನಿಗೆ ಆರು ಹಳ್ಳಿ. ಭಾನುವಾರ ಎರಡು ಆರಾಧನೆ, ನಡುನಡುವೆ ಮದುವೆ, ಮಣ್ಣು, ಗಂಡ ಹೆಂಡಿರ ಜಗಳ, ರೇಷನ್ ಕಾರ್ಡಿನ ಅರ್ಜಿ. ಸೋಮವಾರ ರಜೆ ಎಂದು ಹೆಸರಿಗೆ. ಬೆಳಿಗ್ಗೆ ಹಿತ್ತಿಲಲ್ಲಿ ಕನ್ನಡಿಯನ್ನು ನುಗ್ಗೆಮರಕ್ಕೆ ಸಿಕ್ಕಿಸಿ ಗಡ್ಡ ಹೆರೆಯುವರು, ಅಮ್ಮ ಇಟ್ಟ ಬಿಸಿನೀರಿನ ಬೋಗುಣಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲಿಡುವರು. ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಕೂತಿರುತ್ತಿತ್ತು, ಅದು ನೆನೆದು ಬಿಡುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೂ 'ಅಯ್ಯಾ' ಅನ್ನುತ್ತಿದ್ದರು. ಒದ್ದೆ ಕಾಲಲ್ಲೇ ಎದ್ದುಹೋಗುವರು. ಅವರ ಹೆಜ್ಜೆಗುರುತು ಸಗಣಿ ಸಾರಿಸಿದ ನೆಲದ ಮೇಲೆ ಒಣಗುವುದನ್ನು ನಾನು ನೋಡುತ್ತ ಕೂತಿರುತ್ತಿದ್ದೆ. ಮಾರ್ಕನ ಆರನೇ ಅಧ್ಯಾಯದಲ್ಲಿ ಶಿಷ್ಯರನ್ನು ಸುಧಾರಿಸಿಕೊಳ್ಳಿ ಎಂದು ಯೇಸು ದೋಣಿಯಲ್ಲಿ ಕರೆದೊಯ್ದರೆ, ಜನ ಆಚೆ ದಡಕ್ಕೆ ಮೊದಲೇ ಓಡಿಬಂದು ನಿಂತಿರುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಕಾಣುವುದು ಆ ಬೋಗುಣಿ.

ರಜೆ ಕೇಳಿ ಒಮ್ಮೆ ಮೇಲಿನವರಿಗೆ ಕಾಗದ ಬರೆದರು. ಪ್ರಾರ್ಥನೆ ಹೆಚ್ಚು ಮಾಡಿ ಎಂಬ ಉತ್ತರ ಬಂತು. ಯಾವ ಸಭೆ, ಯಾರು ಬರೆದದ್ದು ಎಂದು ಹೇಳುವ ಆಸೆ ಈಗಿಲ್ಲ. ಅಪ್ಪ ಆ ಕಾಗದವನ್ನು ಮಡಿಸಿ ಹಾರ್ಮೋನಿಯಂ ಪೆಟ್ಟಿಗೆಯಲ್ಲಿಟ್ಟರು, ಅಷ್ಟೇ.

ಇಲ್ಲೊಂದು ಮಾತು. ಅಮಾವಾಸ್ಯೆಗೆ ಬರುವ ಕಂಸಾಳೆಯವರು ನಮ್ಮ ಬೀದಿಯ ಬೇವಿನ ಕಟ್ಟೆಯ ಮೇಲೆ ರಾತ್ರಿ ಪೂರಾ ಮಾದಪ್ಪನ ಕತೆ ಹಾಡುತ್ತಿದ್ದರು. ಕದ್ದು ಹೋಗಿ ಕೇಳುತ್ತಿದ್ದೆ. ಮುಂದಾಳು ಒಂದು ಸಾಲು ಹೇಳಿ ನಿಲ್ಲಿಸಿದರೆ ಹಿಮ್ಮೇಳದವರು ಅದನ್ನೇ ಎತ್ತಿಕೊಂಡು ತಿರುವುತ್ತಾರೆ, ಅಷ್ಟರಲ್ಲಿ ಅವನು ಉಗುಳು ನುಂಗಿ, ಎಲೆಯಡಿಕೆಯನ್ನು ದವಡೆಗೆ ಸರಿಸಿ, ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಬರುತ್ತಾನೆ. ಕೇಳುವವರಿಗೆ ಹಾಡು ನಿಂತದ್ದೇ ಗೊತ್ತಾಗುವುದಿಲ್ಲ. ಬೆಳಗಿನ ಜಾವದವರೆಗೂ ಒಬ್ಬನ ಗಂಟಲು ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಉತ್ತರ ಅಷ್ಟೇ. ಅಪ್ಪನಿಗೆ ಹಿಮ್ಮೇಳವಿರಲಿಲ್ಲ. ವಾಕ್ಯ ಓದುವುದು ಅವರೇ, ಹಾಡು ಎತ್ತುವುದು ಅವರೇ, ಕೊನೆಗೆ ಚಾಪೆ ಸುತ್ತುವುದೂ ಅವರೇ.

1986ರ ಬೇಸಿಗೆಯಲ್ಲಿ ಜ್ವರ ಬಂದು ಸೈಕಲ್ಲಿನಿಂದ ಬಿದ್ದರು. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ ಸೇರಿಸಿದೆವು. ಕ್ಯಾಥೊಲಿಕ್ ಸಿಸ್ಟರುಗಳ ಆಸ್ಪತ್ರೆ. ಅಪ್ಪ ಪ್ರಾಟೆಸ್ಟೆಂಟ್ ಉಪದೇಶಿ ಎಂದು ಅವರಿಗೇನೂ ಅನಿಸಿದ ಹಾಗೆ ಕಾಣಲಿಲ್ಲ. ಬೈಬಲ್ ಕೇಳಿದರೆ ಒಬ್ಬ ಸಿಸ್ಟರ್, 'ಮೊದಲು ನಿದ್ದೆ, ಆಮೇಲೆ ಬೈಬಲ್' ಎಂದರು. ಬೈಬಲಿನ ಪ್ರವಾದಿ ಎಲೀಯನಿಗೂ ದೇವದೂತ ಮಾಡಿದ್ದು ಅದನ್ನೇ. ಸಾಯಬೇಕು ಎಂದು ಗಿಡದಡಿ ಬಿದ್ದವನಿಗೆ ಉಪದೇಶ ಕೊಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಅಪ್ಪ ಎರಡು ದಿನ ಮಲಗಿದರು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದದಲ್ಲಿ ವಿಷ ಬೆರೆತು 17 ಜನ ಹೋದರಲ್ಲ, ಆಗಲೂ ಆ ಆಸ್ಪತ್ರೆಗೆ ರೋಗಿಗಳನ್ನು ಹೊತ್ತು ತಂದರು. ಸುದ್ದಿ ಕೇಳಿದ ಕೂಡಲೇ ನನಗೆ ಹೊಳೆದದ್ದು, ಅವತ್ತು ರಾತ್ರಿ ಆ ಸಿಸ್ಟರುಗಳಿಗೆ ಮಲಗಿ ಎಂದವರು ಯಾರು ಅನ್ನುವುದು.

ಅಪ್ಪ ಆಸ್ಪತ್ರೆಯಲ್ಲಿದ್ದ ಭಾನುವಾರ ಆರಾಧನೆ ನಿಲ್ಲುತ್ತದೆ ಎಂದುಕೊಂಡಿದ್ದೆವು. ನಿಲ್ಲಲಿಲ್ಲ. ಕಳೆ ಕೀಳಲು ಹೋಗುವ ಒಬ್ಬ ಮುದುಕಿ, ಒಂದಕ್ಷರ ಬಾರದವಳು, ಗೋಡೆಗೆ ಒರಗಿ ಕೂತು ಹಾಡು ಎತ್ತಿದಳಂತೆ. ಉಳಿದವರು ಹಿಂದೆ ಹಿಡಿದರು. ಮಧ್ಯದ ಚರಣವನ್ನು ಕೊನೆಗೆ ಹಾಡಿ, ಕೊನೆಯದನ್ನು ಎರಡು ಸಲ ಹಾಡಿ, ಹೇಗೋ ಮುಗಿಸಿದರು.

ಮೂರನೇ ಭಾನುವಾರ ಅಪ್ಪ ಹೋದರು, ನಾನೂ ಹೋದೆ. ಹಾರ್ಮೋನಿಯಂ ತೆರೆದು ಶ್ರುತಿ ಹಿಡಿದು, ಬಾಯಿ ತೆರೆಯುವ ಮೊದಲು ಮುದುಕಿಯ ಕಡೆ ನೋಡಿದರು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಶುರುಮಾಡಿದಳು. ಚರಣ ಮತ್ತೆ ಹಿಂದುಮುಂದಾಯಿತು. ಅಪ್ಪ ತಿದ್ದಲಿಲ್ಲ. ಬಲಗೈಯನ್ನು ಹಾರ್ಮೋನಿಯಂ ಮನೆಗಳ ಮೇಲಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು, ಎಡಗೈ ಮಾತ್ರ ಮೆಲ್ಲಗೆ ಗಾಳಿ ಒತ್ತುತ್ತಿತ್ತು.