ಲಕ್ಕಮ್ಮನು ಹಾಕಿದ ಮಿತಿ

ಸರ್ವರಿಗೂ ಜೀವನಾಧಾರವು ದೊರೆಯಬೇಕೆಂಬ ವಿಚಾರವು ಇಂದು ನೆನ್ನೆಯದಲ್ಲ. ಭೂಮಿಯು ಮಾನವಕುಲದ ಸಾಮಾನ್ಯ ಸ್ವತ್ತಾದುದರಿಂದ, 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡು ಸಲ್ಲತಕ್ಕದ್ದೆಂದೂ, ಅದು ದಾನವಾಗಿರದೆ ಹಕ್ಕಾಗಿರಬೇಕೆಂದೂ ಥಾಮಸ್ ಪೇನ್ 1797ರಲ್ಲಿ ಪ್ರತಿಪಾದಿಸಿದನು.

ಅದಕ್ಕೆ ಆರು ಶತಮಾನಗಳ ಹಿಂದೆಯೇ ಕಲ್ಯಾಣದ ಶರಣರು ಈ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಶರಣ ಪರಂಪರೆಯು ಸ್ಮರಿಸುತ್ತದೆ.

ಇದನ್ನು ಕೇವಲ ವೈರಾಗ್ಯವೆಂದು ವ್ಯಾಖ್ಯಾನಿಸುವುದು ವಾಡಿಕೆ. ಆದರೆ ಇದರಲ್ಲಿ ಅರ್ಥನೀತಿಯೂ ಅಡಗಿದೆ. ಪೇನನು ಪಡೆಯುವವನ ಹಕ್ಕನ್ನು ಸಾರಿದನು. ಲಕ್ಕಮ್ಮನು ಕೂಡಿಡುವವನಿಗೆ ಮಿತಿಯನ್ನು ಹಾಕಿದಳು. ಆ ಮಿತಿಯನ್ನು ಒಪ್ಪದ ಸಮಾಜದಲ್ಲಿ ಹಕ್ಕೆಂಬುದು ಬರಿಯ ಬರೆಹವಾಗಿಯೇ ಉಳಿಯುವುದು.