ಪಂಪು ಕೆಟ್ಟಿದೆಯೆ? ಗೆಲಿಲಿಯೊನಿಂದ ಗಾರ್ಡನ್ ಟ್ರ್ಯಾಕ್ಟರ್‌ವರೆಗೆ

ಸ್ಟ್ರಾ ಹಾಕಿಕೊಂಡು ಎಳನೀರು ಕುಡಿಯುವಾಗ ನೀರನ್ನು ಮೇಲಕ್ಕೇರಿಸುವುದು ಯಾವುದು? ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ‘ನಾವು ಎಳೆಯುತ್ತೇವೆ ಸಾರ್’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಪದವಿ ತರಗತಿಯಲ್ಲೂ ಅದನ್ನೇ ಕೇಳಿದ್ದೇನೆ. ಉತ್ತರ ತಪ್ಪೆಂದು ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನೇ ಅದನ್ನು ಮರೆತ ಪ್ರಸಂಗವೊಂದಿದೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಒಹಾಯೊದಲ್ಲಿ ಸೋದರಳಿಯನ ಮನೆಯಲ್ಲಿ ಬೇಸಿಗೆ ಕಳೆಯುತ್ತಿದ್ದೆ. ಅಲ್ಲಿ ಮನೆಯ ಸುತ್ತಲಿನ ಹುಲ್ಲು ಕತ್ತರಿಸಲು, ಚಳಿಗಾಲದಲ್ಲಿ ಹಿಮ ತಳ್ಳಲು ‘ಗಾರ್ಡನ್ ಟ್ರ್ಯಾಕ್ಟರ್’ ಎಂಬ ಪುಟ್ಟ ಪೆಟ್ರೋಲ್ ಯಂತ್ರ ಬಳಸುತ್ತಾರೆ. 1960ರ ದಶಕದಲ್ಲಿ ಇವು ಅಲ್ಲಿ ಮನೆಮಾತಾದವು. ಅವನು ಕೊಂಡಿದ್ದು 1980ರ ದಶಕದ, ಎರಡು ಸಿಲಿಂಡರಿನ ಹಳೆಯ ಯಂತ್ರ. ಟ್ಯಾಂಕು ತುಂಬಿದ್ದಾಗ ಚೆನ್ನಾಗಿ ಓಡುತ್ತಿತ್ತು. ಅರ್ಧಕ್ಕಿಳಿದರೆ ಐದು ನಿಮಿಷಕ್ಕೆ ನಿಲ್ಲುತ್ತಿತ್ತು. ‘ಪಂಪು ಎಳೆಯುತ್ತಿಲ್ಲ ಮಾವ’ ಎಂದ. ನಾನೂ ಹೌದೆಂದೆ. ಹೊಸ ಪಂಪು ತಂದು ಹಾಕಿದೆವು. ಏನೂ ಬದಲಾಗಲಿಲ್ಲ.

ಆಗ ನೆನಪಾದವನು ಗೆಲಿಲಿಯೊ. 1638ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಗ್ರಂಥದ ಸಂವಾದದಲ್ಲಿ ಒಬ್ಬ ಪಾತ್ರಧಾರಿ ತನ್ನ ಅನುಭವ ಹೇಳುತ್ತಾನೆ. ನೀರಿನ ತೊಟ್ಟಿಗೆ ಹಾಕಿದ್ದ ಪಂಪು ನೀರು ಮೇಲಿದ್ದಾಗ ಕೆಲಸ ಮಾಡುತ್ತಿತ್ತು. ಮಟ್ಟ ಇಳಿದಾಗ ನಿಂತುಹೋಗುತ್ತಿತ್ತು. ರಿಪೇರಿಗೆ ಬಂದವನು ನೋಡಿ, ದೋಷ ಪಂಪಿನದಲ್ಲ, ನೀರು ತೀರ ಕೆಳಗಿಳಿದಿದೆ, ಹದಿನೆಂಟು ಮೊಳಕ್ಕಿಂತ ಮೇಲೆ ಇಂಥ ಪಂಪಿನಿಂದ ಒಂದು ಕೂದಲೆಳೆಯಷ್ಟೂ ನೀರು ಏರದು ಎಂದನಂತೆ. ಫ್ಲಾರೆನ್ಸಿನ ಹದಿನೆಂಟು ಮೊಳವೆಂದರೆ ಸುಮಾರು 10.5 ಮೀಟರ್. ಆ ಕುಶಲಕರ್ಮಿಯ ಮಾತು ಸರಿಯಾಗಿತ್ತು; ಗೆಲಿಲಿಯೊ ಕೊಟ್ಟ ವಿವರಣೆಯೇ ತಪ್ಪಿತು. ಮೇಲಿನಿಂದ ತೂಗುಬಿಟ್ಟ ಹಗ್ಗ ತೀರ ಉದ್ದವಾದರೆ ತನ್ನ ಭಾರಕ್ಕೇ ಹರಿಯುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಅವನು ಬಗೆದ. ಅಂದರೆ ಪಂಪು ‘ಎಳೆಯುತ್ತದೆ’ ಎಂಬ ನಂಬಿಕೆಯನ್ನು ಅವನಂಥವನೂ ಬಿಡಲಿಲ್ಲ.

ಅದನ್ನು ತಿರುಗಿಸಿ ನೋಡಿದವನು ಟಾರಿಸೆಲ್ಲಿ. ಪಾದರಸದ ಪ್ರಯೋಗದ ಬಗ್ಗೆ 1644ರಲ್ಲಿ ಬರೆದ ಪತ್ರದಲ್ಲಿ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕಿದ್ದೇವೆ, ಪಾದರಸವನ್ನು ಎತ್ತಿ ಹಿಡಿದಿರುವುದು ಹೊರಗಿನ ಆ ಗಾಳಿಯ ಭಾರ ಎಂದು ವಾದಿಸಿದ. 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಭಾವ ಪೆರಿಯೆ ಫ್ರಾನ್ಸಿನ ಪುಯಿ ದ ಡೋಮ್ ಬೆಟ್ಟವೇರಿ ಅಳೆದಾಗ ಪಾದರಸ 8 ಸೆಂಟಿಮೀಟರಿಗಿಂತ ಹೆಚ್ಚು ಇಳಿದಿತ್ತು. ಪಂಪು ಮಾಡುವುದು ಒಂದು ಕಡೆ ಒತ್ತಡವನ್ನು ತಗ್ಗಿಸುವ ಕೆಲಸ ಮಾತ್ರ. ದ್ರವವನ್ನು ತಳ್ಳುವುದು ವಾಯುಮಂಡಲ. ನಮ್ಮ ರೈತರು ಆಳವಾದ ಬಾವಿಯೊಳಗೆ ಅಟ್ಟಣೆ ಕಟ್ಟಿ ಪಂಪ್‌ಸೆಟ್ಟನ್ನು ನೀರಿನ ಹತ್ತಿರಕ್ಕೆ ಇಳಿಸುತ್ತಿದ್ದುದು ಇದೇ ಕಾರಣಕ್ಕೆ.

ಮೋಟಾರು ವಾಹನಗಳ ಕಾಲ ಬಂದಾಗ ಎಂಜಿನಿಯರುಗಳು ಮೊದಲು ಈ ಗೊಡವೆಗೇ ಹೋಗಲಿಲ್ಲ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಆಸನದ ಕೆಳಗಿತ್ತು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುತ್ತಿದ್ದುದು ಬರೀ ಗುರುತ್ವದಿಂದ. ಟ್ಯಾಂಕಿನಲ್ಲಿ ಇಂಧನ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರು! (ನಮ್ಮ ಹಳೆಯ ಸ್ಕೂಟರುಗಳಲ್ಲೂ ಗುರುತ್ವವೇ ಪಂಪು.) ಮುಂದೆ ಎಂಜಿನ್ ತಾನೇ ಉಂಟುಮಾಡುವ ಭಾಗಶಃ ನಿರ್ವಾತವನ್ನು ಬಳಸುವ ‘ವ್ಯಾಕ್ಯೂಮ್ ಟ್ಯಾಂಕ್’ ಬಂತು. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದರೆ ಆ ನಿರ್ವಾತವೇ ಕುಸಿಯುತ್ತಿತ್ತು. 1920ರ ದಶಕದ ಕೊನೆಗೆ ಡಯಾಫ್ರಮ್ ಪಂಪು ಇದಕ್ಕೆ ಪರಿಹಾರವಾಯಿತು.

ಈ ಪಂಪು ನನಗೆ ತುಂಬ ಪ್ರಿಯವಾದ ಯಂತ್ರ. ಎಂಜಿನ್ನಿನ ಕ್ಯಾಮ್ ಒಂದು ಸನ್ನೆಯನ್ನು ಮೀಟುತ್ತದೆ. ಸನ್ನೆ ರಬ್ಬರ್ ಪೊರೆಯನ್ನು ಕೆಳಕ್ಕೆ ಜಗ್ಗಿ ಸ್ಪ್ರಿಂಗನ್ನು ಅದುಮುತ್ತದೆ. ಒಳಗಿನ ಒತ್ತಡ ಇಳಿದಾಗ ವಾಯುಮಂಡಲ ಟ್ಯಾಂಕಿನ ಪೆಟ್ರೋಲನ್ನು ಪಂಪಿನೊಳಕ್ಕೆ ತಳ್ಳುತ್ತದೆ. ಅಲ್ಲಿಂದ ಕಾರ್ಬ್ಯುರೇಟರಿಗೆ ಕಳಿಸುವುದು ಸನ್ನೆಯಲ್ಲ, ಸ್ಪ್ರಿಂಗು. ಕಾರ್ಬ್ಯುರೇಟರಿನ ಬಟ್ಟಲು ತುಂಬಿ ಸೂಜಿ ಕವಾಟ ಮುಚ್ಚಿದರೆ ಪೊರೆ ಕೆಳಗೇ ನಿಲ್ಲುತ್ತದೆ, ಸನ್ನೆ ಸುಮ್ಮನೆ ಆಡುತ್ತಿರುತ್ತದೆ. ಎಂಜಿನ್ ಎಷ್ಟೇ ವೇಗವಾಗಿ ತಿರುಗಲಿ, ಒತ್ತಡ ಸ್ಪ್ರಿಂಗು ಗೊತ್ತುಮಾಡಿದ್ದನ್ನು ಮೀರದು.

ನಮ್ಮ ಗಾರ್ಡನ್ ಟ್ರ್ಯಾಕ್ಟರಿನಲ್ಲಿ ಸನ್ನೆಯೂ ಇರಲಿಲ್ಲ. ಅದರ ಎರಡು ಕೊಂತಗಳು ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಚಲಿಸುತ್ತವೆ. ಪ್ರತಿ ಸುತ್ತಿಗೆ ಕ್ರ್ಯಾಂಕ್‌ಕೇಸಿನ ಒತ್ತಡ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ನಿಮಿಷಕ್ಕೆ 3600 ಸುತ್ತಾದರೆ ಸೆಕೆಂಡಿಗೆ 60 ಮಿಡಿತ. ಒಂದು ಗಿಡ್ಡ ರಬ್ಬರ್ ಕೊಳವೆ ಈ ಮಿಡಿತವನ್ನು ಪೊರೆಯ ಬೆನ್ನಿಗೆ ಮುಟ್ಟಿಸುತ್ತದೆ. ಹಾಗಾಗಿ ಪಂಪಿಗೆ ಮೂರು ಮೂತಿ: ಪೆಟ್ರೋಲ್ ಬರಲು ಒಂದು, ಹೋಗಲು ಒಂದು, ಮಿಡಿತಕ್ಕೊಂದು.

ಹಳೆಯ ಪಂಪನ್ನು ಬಿಚ್ಚಿ ನೋಡಿದೆವು. ಪೊರೆ ಗಟ್ಟಿಮುಟ್ಟಾಗಿತ್ತು, ಕವಾಟಗಳೂ ಸರಿಯಿದ್ದವು. ಬಿರುಕು ಬಿಟ್ಟಿದ್ದುದು ಮಿಡಿತದ ಕೊಳವೆ. ಟ್ಯಾಂಕು ತುಂಬಿದ್ದಾಗ ಪೆಟ್ರೋಲಿನ ಮಟ್ಟ ಕಾರ್ಬ್ಯುರೇಟರಿಗಿಂತ ಮೇಲಿರುತ್ತಿತ್ತು, ಕೆಲಸ ಮಾಡುತ್ತಿದ್ದುದು ಗುರುತ್ವ. ಮಟ್ಟ ಇಳಿದ ಮೇಲೆ ಸುಮಾರು 30 ಸೆಂಟಿಮೀಟರ್ ಏರಿಸಬೇಕು; ಅದಕ್ಕೆ ಬೇಕಾದ ಒತ್ತಡ ವ್ಯತ್ಯಾಸ ಬರೀ 2 ಕಿಲೋಪಾಸ್ಕಲ್, ವಾಯುಮಂಡಲ ಒತ್ತಡದ ಐವತ್ತರಲ್ಲಿ ಒಂದು ಪಾಲು. ಸೋರುವ ಕೊಳವೆಯಿಂದ ಅಷ್ಟೂ ಆಗಲಿಲ್ಲ. ಹೊಸ ಕೊಳವೆಗೆ ಕ್ಲಿಪ್ ಬಿಗಿದೆವು. ಟ್ರ್ಯಾಕ್ಟರು ಸಂಜೆಯವರೆಗೆ ಓಡಿತು. ತೊಟ್ಟಿಯ ಪಂಪಿನ ಕಥೆಯನ್ನು ಎಷ್ಟೋ ಸಲ ಪಾಠ ಮಾಡಿದವನು ನಾನು. ಲಕ್ಷಣ ಅದೇ ಆಗಿದ್ದರೂ ಗುರುತಿಸಲಿಲ್ಲ.

ಪಂಪು ನಿಜವಾಗಿಯೂ ಕೆಡುವುದುಂಟು, ಆಗ ಉದಾಸೀನ ಸಲ್ಲದು. ಪೊರೆ ಹರಿದರೆ ಪೆಟ್ರೋಲು ಕ್ರ್ಯಾಂಕ್‌ಕೇಸಿಗೆ ಸೇರಿ ಆಯಿಲನ್ನು ತೆಳುವಾಗಿಸುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿದ್ದು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಲೇಬಾರದು. ಪಂಪಿನ ಜೊತೆಗೆ ಆಯಿಲನ್ನೂ ಬದಲಿಸಬೇಕು. ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬ್ಯಾಟರಿಯ ಋಣ ತಂತಿ ಕಳಚಿ. ಹಳೆಯ ರಬ್ಬರಿಗೆ ಈಗ ಎಥನಾಲಿನ ಕಾಟವೂ ಸೇರಿದೆ. ಭಾರತದ ಪೆಟ್ರೋಲಿನಲ್ಲಿ ಅದರ ಪ್ರಮಾಣ 2025ರಲ್ಲಿ ಶೇಕಡ 20ನ್ನು ಮುಟ್ಟಿತು. ಎಥನಾಲಿಗೆಂದು ತಯಾರಾಗದ ಪೊರೆ, ಕೊಳವೆಗಳು ಉಬ್ಬಿ ಬಿರುಕು ಬಿಡಬಹುದು.

ಆ ಹಳೆಯ ಪಂಪು ಈಗ ನಮ್ಮ ಪ್ರಯೋಗಾಲಯದ ಮೇಜಿನ ಮೇಲಿದೆ. ವಿದ್ಯಾರ್ಥಿಗಳಿಗೆ ನಾನು ಕೊಡುವ ಲೆಕ್ಕ ಇದು. ಪೆಟ್ರೋಲು ನೀರಿಗಿಂತ ಹಗುರ, ಸಾಪೇಕ್ಷ ಸಾಂದ್ರತೆ ಸುಮಾರು 0.74. ಹಾಗಾದರೆ ಗಾಳಿ ಅದನ್ನು ನೀರಿಗಿಂತ ಹೆಚ್ಚು ಎತ್ತರಕ್ಕೆ, ಸುಮಾರು 14 ಮೀಟರಿಗೆ, ತಳ್ಳಬೇಕಲ್ಲ? ಆದರೆ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ರೋಲಿನ ಆವಿಯ ಒತ್ತಡವೇ ಸುಮಾರು 60 ಕಿಲೋಪಾಸ್ಕಲ್. ಅದನ್ನು ಕಳೆದರೆ ಉಳಿಯುವ ಎತ್ತರ ಎಷ್ಟು? ನೀವೂ ಮಾಡಿ ನೋಡಿ. ಆರು ಮೀಟರಿಗಿಂತ ಕಡಿಮೆ ಬರುತ್ತದೆ.